ತುಮಕೂರಲ್ಲಿ ಬಾಡಿಗೆ ಮನೆ: ವಠಾರವೋ, ಓನರ್ ಮನೆಯ ಮಹಡಿಯೋ, ಫ್ಲಾಟೋ, ಭೋಗ್ಯವೋ?

ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಹೆಚ್ಚುಕಡಿಮೆ ನಾಲ್ಕು ಥರ. ವರ್ಗವಾಗಿ ಬಂದ ನೌಕರರು. ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿಯ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕವರು. ಮಕ್ಕಳ ಓದಿಗೆಂದು ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಬಂದು ಮನೆ ಮಾಡುವವರು. ಬೆಂಗಳೂರಲ್ಲಿ ಕೆಲಸ ಇಟ್ಟುಕೊಂಡು 70 ಕಿ.ಮೀ. ಈಚೆಗೆ ಸಂಸಾರ ಹೂಡುವವರು. ಈ ನಾಲ್ವರಿಗೂ ಒಂದೇ ಮನೆ ಹೊಂದುವುದಿಲ್ಲ. ಆದರೂ ಎಲ್ಲರೂ ಹಿಡಿದುಕೊಂಡು ಓಡಾಡುವ ಅಳತೆಗೋಲು ಒಂದೇ: ಓನರ್ ಹೇಳುವ ಬಾಡಿಗೆ. ಆ ಒಂದು ಅಂಕಿಯನ್ನು ನಂಬಿ ಅಡ್ವಾನ್ಸ್ ಕೊಟ್ಟರೆ ಅಗ್ಗದ ಮನೆಯೇ ತುಟ್ಟಿಯಾಗಿ ಕೂರುತ್ತದೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಅಷ್ಟೇ, ನಿಮ್ಮವನ್ನು ನೀವು ಹಾಕಿಕೊಳ್ಳಿ. ಊರಾಚೆಯ ಹೊಸ ಲೇಔಟಿನಲ್ಲಿ 7,500 ರೂಪಾಯಿಗೆ ಡಬಲ್ ಬೆಡ್‌ರೂಮ್ ಮನೆ, ಊರೊಳಗೆ ಅಷ್ಟೇ ದೊಡ್ಡದು 10,000ಕ್ಕೆ. ಹೊರಗಿನ ಮನೆಗೆ ಬೇಸಿಗೆಯಲ್ಲಿ ತಿಂಗಳಿಗೆ ಎರಡು ಟ್ಯಾಂಕರ್ ನೀರು, ತಲಾ 600 ಅಂದರೂ 1,200. ಕೆಲಸಕ್ಕೆ ಹೋಗಿಬರಲು ದಿನಕ್ಕೆ 14 ಕಿ.ಮೀ. ಜಾಸ್ತಿ ಓಡಾಟವಾದರೆ 25 ದಿನಕ್ಕೆ 350 ಕಿ.ಮೀ., ಬೈಕಿನ ಪೆಟ್ರೋಲಿಗೆ ಸುಮಾರು 800. ಮಗುವಿನ ಶಾಲೆ ವ್ಯಾನಿಗೆ 1,200. ಕೂಡಿಸಿದರೆ 10,700. ನಡುರಾತ್ರಿ ಜ್ವರ ಬಂದರೆ ಆಟೋ ಸಿಗದ ಕಷ್ಟ ಈ ಲೆಕ್ಕದಲ್ಲಿ ಸೇರಿಲ್ಲ.

ಮೊದಲು ನೀರು

ನನ್ನನ್ನು ಕೇಳಿದರೆ ತುಮಕೂರಲ್ಲಿ ಮನೆಯ ಬೆಲೆ ಕಟ್ಟಬೇಕಾದ್ದು ನೀರಿನಿಂದ. ಇಲ್ಲಿ ನದಿಯಿಲ್ಲ. ಗೊರೂರಿನ ಹೇಮಾವತಿ ನೀರು ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ತುಂಬಬೇಕು, ಅಲ್ಲಿಂದ ಶುದ್ಧವಾಗಿ ಊರಿಗೆ ಬರಬೇಕು. ನಾಲೆಯಲ್ಲಿ ವರ್ಷವಿಡೀ ನೀರು ಹರಿಯುವುದಿಲ್ಲ. ಬೇಸಿಗೆಯಲ್ಲಿ ಕೆರೆಯಲ್ಲಿ ನಿಂತದ್ದೇ ಗತಿ. ಹಾಗಾಗಿ ಒಂದು ಬಡಾವಣೆಗೂ ಇನ್ನೊಂದಕ್ಕೂ, ಕೆಲವು ಕಡೆ ಒಂದು ಕ್ರಾಸಿಗೂ ಪಕ್ಕದ ಕ್ರಾಸಿಗೂ ನಲ್ಲಿ ನೀರು ಬರುವ ದಿನ ಬೇರೆ, ಬರುವ ರಭಸ ಬೇರೆ.

‘ನೀರಿನ ತೊಂದರೆ ಏನೂ ಇಲ್ಲ’ ಎಂದು ಯಾವ ಓನರ್ ಆದರೂ ಹೇಳುತ್ತಾರೆ. ಹೇಳಲಿ. ನೀವು ಕೇಳಬೇಕಾದ್ದು ಬೇರೆ. ಕಾರ್ಪೊರೇಷನ್ ನಲ್ಲಿ ಇದೆಯೋ, ಬರೀ ಬೋರೋ? ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ? ಸಂಪು ಎಷ್ಟು ಲೀಟರಿನದು? ಆ ಸಂಪನ್ನು ಎಷ್ಟು ಮನೆ ಹಂಚಿಕೊಳ್ಳುತ್ತವೆ? ಮೋಟಾರ್ ಸ್ವಿಚ್ ಯಾರ ಮನೆಯೊಳಗಿದೆ, ಅದರ ಕರೆಂಟ್ ಬಿಲ್ ಯಾರ ತಲೆಗೆ? ಪಟ್ಟಣದ ನೀರು ಸರಬರಾಜಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ನಾಲ್ಕು ಜನರ ಸಂಸಾರಕ್ಕೆ 540 ಲೀಟರ್. ಒಂದು ಕಾಂಪೌಂಡಿನಲ್ಲಿ ಐದು ಸಂಸಾರವಿದ್ದು ನಲ್ಲಿ ನೀರು ಆರು ದಿನಕ್ಕೊಮ್ಮೆ ಬಂದರೆ 16,200 ಲೀಟರ್ ಬೇಕು. ಸಂಪು 6,000 ಲೀಟರಿನದಾದರೆ ಉಳಿದದ್ದನ್ನು ಬೋರ್ ಕೊಡಬೇಕು, ಇಲ್ಲವೇ ಟ್ಯಾಂಕರ್. ಕೈಬಿಗಿ ಹಿಡಿದು ಅರ್ಧದಷ್ಟೇ ಬಳಸಿದರೂ ಆ ಸಂಪು ಸಾಲದು. ಇಷ್ಟು ಗುಣಾಕಾರವನ್ನು ಗೇಟಿನ ಮುಂದೆ ನಿಂತೇ ಮಾಡಬಹುದು.

ಓನರ್ ಹೇಳಿದ್ದನ್ನು ಎದುರು ಮನೆಯವರ ಹತ್ತಿರ ತಾಳೆ ನೋಡಿ. ‘ಅಕ್ಕಾ, ಇಲ್ಲಿ ನೀರು ಯಾವಾಗ ಬಿಡ್ತಾರೆ?’ ಎಂದರೆ ಸಾಕು; ನೀರಿನ ವಿಷಯದಲ್ಲಿ ಬೀದಿಯ ಹೆಂಗಸರಷ್ಟು ನಿಖರವಾದ ವೇಳಾಪಟ್ಟಿ ಬೇರೆಲ್ಲೂ ಸಿಗುವುದಿಲ್ಲ. ಮನೆಗಳ ಮುಂದೆ ಸಾಲಾಗಿ ನೀಲಿ ಡ್ರಮ್ ಕಂಡರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ. ಬಚ್ಚಲಿನ ನಲ್ಲಿಯ ಬಾಯಲ್ಲಿ ಬಿಳಿ ಗಾರೆ ಕಟ್ಟಿದ್ದರೆ ಗಡಸು ಬೋರ್ ನೀರು. ಗೀಸರ್, ವಾಷಿಂಗ್ ಮೆಷಿನ್ ಬೇಗ ಹಾಳಾಗುತ್ತವೆ, ಬೇಳೆಯೂ ಬೇಗ ಬೇಯುವುದಿಲ್ಲ. ಕುಡಿಯಲು ಹತ್ತಿರದಲ್ಲಿ ಶುದ್ಧ ನೀರಿನ ಘಟಕ ಇದೆಯೇ ನೋಡಿಕೊಳ್ಳಿ. ಆಗಸ್ಟಿನಲ್ಲಿ ನೋಡಿದರೆ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಏಪ್ರಿಲ್‌ನಲ್ಲಿ ನೋಡಿ ಒಪ್ಪಿದ ಮನೆ ವರ್ಷವಿಡೀ ನಡೆಯುತ್ತದೆ.

ವಠಾರ

ಚಿಕ್ಕಪೇಟೆ, ಹೊರಪೇಟೆ ಸುತ್ತಿನ ಹಳೇ ಊರಿನಲ್ಲಿ ವಠಾರದ ಮನೆಗಳು ಇನ್ನೂ ಇವೆ. ಬಾಡಿಗೆ ಕಡಿಮೆ, ಅಡ್ವಾನ್ಸೂ ಕಡಿಮೆ, ಸಂತೆ, ಬಸ್ ಸ್ಟ್ಯಾಂಡು ಎಲ್ಲ ನಡೆದುಹೋಗುವಷ್ಟು ಹತ್ತಿರ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಸಂಜೆ ಶಾಲೆಯಿಂದ ಬಂದ ಮಗುವಿಗೆ ‘ಊಟ ಮಾಡಿದ್ಯೇನೋ’ ಎಂದು ಕೇಳಲು ಪಕ್ಕದ ಮನೆ ಅಜ್ಜಿ ಇರುತ್ತಾರೆ. ಅದಕ್ಕೆ ಬೆಲೆ ಕಟ್ಟಲಾಗದು. ನಷ್ಟಗಳೂ ಇವೆ. ಕಕ್ಕಸು ಹೊರಗೆ ಅಥವಾ ಹಂಚಿಕೆಯದು, ಗಾಳಿ ಬೆಳಕು ಕಡಿಮೆ, ಬೈಕ್ ನಿಲ್ಲಿಸಲು ಜಾಗವಿಲ್ಲ, ಫೋನಿನಲ್ಲಿ ಆಡಿದ ಮಾತು ನಾಲ್ಕು ಮನೆಗೆ ಕೇಳುತ್ತದೆ.

ಹೆಚ್ಚಿನವರು ಗಮನಿಸದ ಒಂದು ಸಂಗತಿ ಮೀಟರ್. ಗೃಹಜ್ಯೋತಿಯಲ್ಲಿ ಬಾಡಿಗೆದಾರರಿಗೂ ಉಚಿತ ವಿದ್ಯುತ್ ಇದೆ, ಆದರೆ ಅದು ಒಂದು ಮೀಟರಿಗೆ, ಅಂದರೆ ಒಂದು ಆರ್.ಆರ್. ನಂಬರಿಗೆ, ಸಿಗುವ ಲೆಕ್ಕ. ತಿಂಗಳಿಗೆ 200 ಯೂನಿಟ್ ದಾಟಿತೋ, ಬಿಲ್ ಪೂರ್ತಿ ಕಟ್ಟಬೇಕು. ಮೂರು ನಾಲ್ಕು ಸಂಸಾರ ಒಂದೇ ಮೀಟರಿನಲ್ಲಿದ್ದು ಒಳಗೆ ಸಬ್‌ಮೀಟರ್ ಹಾಕಿದ್ದರೆ 200 ದಾಟುವುದು ಕಷ್ಟವೇನಲ್ಲ. ಆಗ ನೀವು 40 ಯೂನಿಟ್ ಬಳಸಿದರೂ ದುಡ್ಡು ಕೊಡಬೇಕು, ಅದೂ ಓನರ್ ಹೇಳಿದ ದರದಲ್ಲಿ. ಬೆಸ್ಕಾಂನ ಪ್ರತ್ಯೇಕ ಮೀಟರ್ ಇರುವ ಮನೆಗೆ ಬಾಡಿಗೆ ಮುನ್ನೂರು ರೂಪಾಯಿ ಜಾಸ್ತಿಯಾದರೂ ನಾನು ಅದನ್ನೇ ಆರಿಸುತ್ತೇನೆ.

ಓನರ್ ಕೆಳಗೆ, ನಾವು ಮೇಲೆ

ಊರಲ್ಲಿ ಅತಿ ಹೆಚ್ಚು ಸಿಗುವುದು ಇದೇ. ಥರ್ಟಿ-ಫಾರ್ಟಿ ಸೈಟಿನಲ್ಲಿ ಕೆಳಗೆ ಓನರ್, ಮೇಲೆ ಒಂದೋ ಎರಡೋ ಬಾಡಿಗೆ ಮನೆ. ಎಸ್.ಎಸ್.ಪುರಂ, ಅಶೋಕನಗರ, ಸಿದ್ಧಗಂಗಾ ಬಡಾವಣೆ, ವಿದ್ಯಾನಗರ, ಜಯನಗರ, ಕುವೆಂಪುನಗರ, ಸದಾಶಿವನಗರ, ಶೆಟ್ಟಿಹಳ್ಳಿ, ಎಲ್ಲಿ ತಿರುಗಿದರೂ ಇದೇ ವಿನ್ಯಾಸ. ಬಿ.ಎಚ್. ರಸ್ತೆಗೆ, ಕಾಲೇಜುಗಳಿಗೆ ಹತ್ತಿರವಾದಷ್ಟೂ ಬಾಡಿಗೆ ಏರುತ್ತದೆ, ಎಸ್.ಎಸ್.ಪುರಂನಲ್ಲಿ ಹೆಸರಿಗೂ ಸ್ವಲ್ಪ ಬಾಡಿಗೆ ಸೇರಿರುತ್ತದೆ. ಅದೇ ರಸ್ತೆಯಿಂದ ಹತ್ತು ನಿಮಿಷ ಒಳಗೆ ನಡೆದರೆ ಅಷ್ಟೇ ಚೆನ್ನಾದ ಮನೆ ಕಡಿಮೆಗೆ ಸಿಗುವುದುಂಟು.

ಸಾಮಾನ್ಯ ಸಂಸಾರಕ್ಕೆ ನನ್ನ ಮತ ಇದಕ್ಕೇ, ಅದರಲ್ಲೂ ಓನರ್ ಅದೇ ಕಾಂಪೌಂಡಿನಲ್ಲಿ ಇರುವ ಮನೆಗೆ. ‘ಓನರ್ ಇದ್ದರೆ ಕಿರಿಕಿರಿ’ ಎಂದು ಮೂಗು ಮುರಿಯುವವರೇ ಜಾಸ್ತಿ. ಕಿರಿಕಿರಿ ಇದೆ, ಸುಳ್ಳಲ್ಲ. ಹತ್ತು ಗಂಟೆಗೆ ಗೇಟಿಗೆ ಬೀಗ, ನೆಂಟರು ನಾಲ್ಕು ದಿನ ಉಳಿದರೆ ಮುಖ ಸಪ್ಪಗೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಆದರೆ ಮೋಟಾರ್ ಸುಟ್ಟಾಗ ಓನರ್ ಮನೆಗೂ ನೀರಿಲ್ಲ. ಮೆಕ್ಯಾನಿಕ್ ಅಂದೇ ಬರುತ್ತಾನೆ. ಓನರ್ ಬೆಂಗಳೂರಲ್ಲೋ ಮೈಸೂರಲ್ಲೋ ಇದ್ದರೆ ನೀವು ಫೋನ್ ಮಾಡಬೇಕು, ಅವರು ‘ಮಾಡಿಸಿಕೊಳ್ಳಿ, ಬಾಡಿಗೆಯಲ್ಲಿ ಹಿಡ್ಕೊಳ್ಳಿ’ ಅನ್ನಬೇಕು, ಆಮೇಲೆ ಬಿಲ್ಲಿನ ಬಗ್ಗೆ ಅನುಮಾನ.

ಮೇಲಿನ ಮಹಡಿಯಲ್ಲಿ ನೋಡಬೇಕಾದ್ದು ತಾರಸಿ. ನಿಮ್ಮ ತಲೆ ಮೇಲೆ ಇನ್ನೊಂದು ಮನೆಯಿದ್ದರೆ ತಂಪು. ನೇರ ಆರ್‌ಸಿಸಿ ಇದ್ದರೆ ಮಾರ್ಚ್‌ನಿಂದ ರಾತ್ರಿ ಹನ್ನೊಂದಾದರೂ ಕಾವು ಇಳಿಯುವುದಿಲ್ಲ. ಮಳೆಗಾಲದಲ್ಲಿ ಸೋರಿದ ಕಲೆ ಚಾವಣಿಯಲ್ಲಿದೆಯೇ, ಹೊಸ ಸುಣ್ಣದಡಿ ಮುಚ್ಚಿದೆಯೇ ಎಂದು ಮೂಲೆಗಳನ್ನು ನೋಡಿ. ಸೋಲಾರ್ ಇದ್ದರೆ ನಿಮ್ಮ ಬಚ್ಚಲಿಗೂ ಪೈಪ್ ಕೊಟ್ಟಿದ್ದಾರೋ, ಕೆಳಗಿನ ಮನೆಗಷ್ಟೋ ಎಂಬುದನ್ನು ಬಾಯಿಬಿಟ್ಟು ಕೇಳಿ.

ಇನ್ನು ‘ನೀವು ಯಾವ ಜನ?’, ‘ಮಾಂಸ ಮಾಡ್ತೀರಾ?’ ಎಂಬ ಪ್ರಶ್ನೆಗಳು. ನಮ್ಮೂರಲ್ಲಿ ಇವು ಇಲ್ಲ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ನೇರ ಕೇಳದವರು ಹೆಸರು, ಊರು, ಮನೆದೇವರು ಸುತ್ತಿಕೊಂಡು ಅಲ್ಲಿಗೇ ಬರುತ್ತಾರೆ. ಸುಳ್ಳು ಹೇಳಿ ಸೇರಿಕೊಂಡರೆ ಪ್ರತಿ ಭಾನುವಾರ ಕಿಟಕಿ ಮುಚ್ಚಿ ಅಡುಗೆ ಮಾಡಬೇಕಾಗುತ್ತದೆ. ಅದಕ್ಕಿಂತ ಇನ್ನೆರಡು ಮನೆ ಹುಡುಕುವುದು ನೆಮ್ಮದಿ. ಒಂಟಿಯಾಗಿರುವ ಗಂಡುಹುಡುಗರಿಗೆ ಈ ಬಗೆಯ ಮನೆ ಸಿಗುವುದೇ ಕಷ್ಟ. ಅವರಿಗೆ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಪಿಜಿಗಳು, ಇಲ್ಲವೇ ಓನರ್ ದೂರವಿರುವ ಮನೆ, ಇಲ್ಲವೇ ಫ್ಲಾಟ್.

ಫ್ಲಾಟ್

ಬೆಂಗಳೂರಿಗೆ ಹೋಲಿಸಿದರೆ ತುಮಕೂರಲ್ಲಿ ಅಪಾರ್ಟ್‌ಮೆಂಟುಗಳು ಕಡಿಮೆ, ಇರುವವೂ ಹೆಚ್ಚಿನವು ಸಣ್ಣವು. ಬಾಡಿಗೆಯ ಜೊತೆಗೆ ತಿಂಗಳ ಮೇಂಟೆನೆನ್ಸ್ ಇರುತ್ತದೆ. ಅದು ಬಾಡಿಗೆಯಲ್ಲೇ ಸೇರಿದೆಯೋ ಬೇರೆಯೋ ಎಂದು ಮೊದಲೇ ಬಿಡಿಸಿಕೊಳ್ಳಿ. ಆ ದುಡ್ಡಿಗೆ ನಿಮಗೆ ಸಿಗುವುದು ಲಿಫ್ಟ್, ವಾಚ್‌ಮನ್, ಜನರೇಟರ್ ಅಥವಾ ಇವುಗಳ ಹೆಸರು. ಲಿಫ್ಟ್ ಕೆಟ್ಟು ಮೂರು ತಿಂಗಳಾಗಿ, ಅಸೋಸಿಯೇಷನ್‌ನವರು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತ ಕಟ್ಟಡಗಳೂ ಇವೆ. ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿ ನೋಡಿ ಬನ್ನಿ. ಆಮೇಲೆ ನಿರ್ಧಾರ ಮಾಡಿ.

ಫ್ಲಾಟ್ ಯಾರಿಗೆ ಸರಿ? ಮೊಣಕಾಲು ನೋವಿನ ಅಪ್ಪ ಅಮ್ಮ ಜೊತೆಗಿದ್ದು ಲಿಫ್ಟ್ ನಿಜಕ್ಕೂ ಓಡುವ ಕಟ್ಟಡವಾದರೆ ಸರಿ. ಒಬ್ಬರೇ ಇರುವ ಹೆಣ್ಣುಮಕ್ಕಳಿಗೆ, ಶಿಫ್ಟ್ ಕೆಲಸ ಮುಗಿಸಿ ಅಪವೇಳೆಯಲ್ಲಿ ಬರುವವರಿಗೆ ಸರಿ. ಜಾತಿ, ಊಟದ ವಿಚಾರಣೆ ಇಲ್ಲಿ ಕೊಂಚ ಕಡಿಮೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಒಂದೇ ಸಂಬಳದ ಸಂಸಾರ ಬರೀ ಮೆಟ್ಟಿಲಿನ ಗ್ರಾನೈಟ್ ನೋಡಿ ಫ್ಲಾಟಿಗೆ ಹೋಗುವುದು ನನಗಂತೂ ದಂಡ ಅನ್ನಿಸುತ್ತದೆ.

ಭೋಗ್ಯ

ಹೆಚ್ಚು ಆಸೆ ಹುಟ್ಟಿಸುವುದೂ ಹೆಚ್ಚು ಜನ ಮುಳುಗುವುದೂ ಇದರಲ್ಲೇ. ಜನರ ಬಾಯಲ್ಲಿ ‘ಲೀಸ್’. ದೊಡ್ಡ ಮೊತ್ತ ಒಂದೇ ಸಲ ಕೊಡುತ್ತೀರಿ, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತೀರಿ, ಬಿಡುವಾಗ ಅಷ್ಟೂ ವಾಪಸ್. ಕೇಳಲು ಪುಕ್ಕಟೆ ಮನೆ.

9,000 ಬಾಡಿಗೆಯ ಮನೆಗೆ 6 ಲಕ್ಷ ಭೋಗ್ಯ ಕೇಳಿದರು ಅಂದುಕೊಳ್ಳಿ. ಹಣ ನಿಮ್ಮದೇ ಆಗಿದ್ದು, ಬ್ಯಾಂಕಿನಲ್ಲಿ ಶೇ. 7ರ ಠೇವಣಿಯಲ್ಲಿ ಇಟ್ಟಿದ್ದರೆ ತಿಂಗಳಿಗೆ 3,500 ಬರುತ್ತಿತ್ತು. ಅಂದರೆ ಮನೆ ನಿಮಗೆ 3,500ಕ್ಕೆ ಸಿಕ್ಕಿದ ಹಾಗೆ. ಲಾಭವೇ. ಅದೇ 6 ಲಕ್ಷವನ್ನು ಶೇ. 14ರ ಪರ್ಸನಲ್ ಲೋನ್ ಮಾಡಿ ತಂದರೆ ಬಡ್ಡಿಯೇ ತಿಂಗಳಿಗೆ 7,000. ಉಳಿತಾಯ 2,000, ಅದಕ್ಕಾಗಿ ಪಣಕ್ಕಿಟ್ಟದ್ದು 6 ಲಕ್ಷದ ಅಸಲು. ಸಾಲ ಮಾಡಿ ಭೋಗ್ಯಕ್ಕೆ ಹೋಗಬೇಡಿ ಎನ್ನಲು ಇಷ್ಟು ಸಾಕು.

ಇನ್ನೊಂದು ಅಪಾಯ ಕಾಗದದ್ದು. ಸ್ವಾಧೀನ ಕೊಟ್ಟು ಮಾಡುವ ಭೋಗ್ಯ ಕಾನೂನಿನ ಲೆಕ್ಕದಲ್ಲಿ ಒಂದು ಬಗೆಯ ಅಡಮಾನ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ್ದಾದರೆ ನೋಂದಣಿ ಆಗಲೇಬೇಕು. ಒಂದು ವರ್ಷ ಮೀರಿದ ಗೇಣಿ ಕರಾರಿಗೂ ನೋಂದಣಿ ಬೇಕು. ಖರ್ಚು ಉಳಿಸಲು ಹೆಚ್ಚಿನವರು ಸ್ಟಾಂಪ್ ಪೇಪರಿನಲ್ಲಿ ಟೈಪ್ ಮಾಡಿಸಿ, ನೋಟರಿ ಮುದ್ರೆ ಒತ್ತಿಸಿ ಮುಗಿಸುತ್ತಾರೆ. ನೋಟರಿ ಮುದ್ರೆ ನೋಂದಣಿ ಅಲ್ಲ. ನಾಳೆ ಓನರ್ ಮನೆ ಮಾರಿದರೆ, ಅಥವಾ ಅವರು ಸಾಲ ಕಟ್ಟದ್ದಕ್ಕೆ ಬ್ಯಾಂಕಿನವರು ಸಾಲ ವಸೂಲಿಯ 2002ರ ಸರ್ಫೇಸಿ ಕಾಯ್ದೆಯಡಿ ಮನೆ ವಶಪಡಿಸಿಕೊಳ್ಳಲು ಬಂದರೆ ಆ ಕಾಗದ ಹಿಡಿದು ನಿಲ್ಲುವುದು ಬಹಳ ಕಷ್ಟ.

ಹಾಗಾಗಿ ಹಣ ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ. ಅದು ಚೊಕ್ಕವಾಗಿದ್ದರೂ ಅಲ್ಲಿಗೆ ನಿಲ್ಲಬೇಡಿ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ನೋಂದಣಿಯಾಗದೆ ಇದ್ದರೆ ಇಸಿಯಲ್ಲಿ ಕಾಣುವುದಿಲ್ಲ. ‘ಸರ್, ಒರಿಜಿನಲ್ ಕ್ರಯಪತ್ರ ಒಂದ್ಸಲ ನೋಡಬಹುದಾ?’ ಎಂದು ಕೇಳಿ. ಜೆರಾಕ್ಸ್ ಮಾತ್ರ ಮುಂದೆ ಬಂದರೆ, ‘ಊರಲ್ಲಿದೆ’, ‘ತಮ್ಮನ ಹತ್ತಿರ ಇದೆ’ ಎಂಬ ಮಾತು ಶುರುವಾದರೆ ಎದ್ದು ಬನ್ನಿ. ಖಾತೆ, ಈ ವರ್ಷದ ಕಂದಾಯ ರಸೀದಿ ಯಾರ ಹೆಸರಲ್ಲಿವೆ ನೋಡಿ. ಮನೆ ತಾಯಿ ಹೆಸರಲ್ಲಿದ್ದು ಮಗ ಸಹಿ ಹಾಕುತ್ತಿದ್ದರೆ ಆ ಕರಾರಿಗೆ ಬೆಲೆಯಿಲ್ಲ. ಸ್ವಂತ ದುಡ್ಡು, ಒರಿಜಿನಲ್ ಪತ್ರ, ನೋಂದಣಿ, ಮೂರೂ ಇದ್ದರೆ ಭೋಗ್ಯದಷ್ಟು ಅಗ್ಗ ಇನ್ನೊಂದಿಲ್ಲ. ಒಂದು ತಪ್ಪಿದರೂ ಬಾಡಿಗೆಯೇ ವಾಸಿ.

ಯಾವ ದಿಕ್ಕು?

ಕೆಲಸದ ದಿಕ್ಕಿಗೆ ಮನೆ ಇರಲಿ. ವಸಂತನರಸಾಪುರಕ್ಕೆ ಹೋಗುವವರು ಶಿರಾ ಗೇಟ್, ಅಂತರಸನಹಳ್ಳಿ ಸುತ್ತ ನೋಡಿದರೆ ಊರು ದಾಟುವ ಕೆಲಸ ತಪ್ಪುತ್ತದೆ. ಸಿದ್ಧಾರ್ಥ ಮೆಡಿಕಲ್ ಕಾಲೇಜು, ಗುಬ್ಬಿ ಕಡೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗುವವರಿಗೆ ಗುಬ್ಬಿ ಗೇಟ್, ಹೆಗ್ಗೆರೆ. ಎಂಜಿನಿಯರಿಂಗ್ ಓದುವ ಮಕ್ಕಳಿರುವವರು ಎಸ್‌ಐಟಿ ಬಡಾವಣೆಯ ಬಾಡಿಗೆ ಕೊಡಲಾಗದಿದ್ದರೆ ಬಟವಾಡಿಯತ್ತ ಕಣ್ಣು ಹಾಯಿಸಬಹುದು; ಮಗ ಮಗಳು ಮರಳೂರಿನ ಕಾಲೇಜಿನಲ್ಲಿದ್ದರೆ ಕುಣಿಗಲ್ ರಸ್ತೆ.

ಬೆಂಗಳೂರಿಗೆ ದಿನಾ ಓಡಾಡುವವರ ಲೆಕ್ಕ ಬೇರೆ. ಬಸ್ಸಿನವರಿಗೆ ಕ್ಯಾತ್ಸಂದ್ರ, ಬಟವಾಡಿ ಅನುಕೂಲ. ಊರೊಳಗಿನ ಸಿಗ್ನಲ್‌ಗಳೆಲ್ಲ ಹಿಂದೆ ಉಳಿಯುತ್ತವೆ. ತಟ್ಟೆ ಇಡ್ಲಿ ಬೋನಸ್. ರೈಲಿನವರು ಕ್ಯಾತ್ಸಂದ್ರದಲ್ಲೂ ಸ್ಟೇಷನ್ ಇದೆಯಲ್ಲ ಎಂದು ಮೋಸಹೋಗಬಾರದು. ಅಲ್ಲಿ ಎಲ್ಲ ಗಾಡಿಯೂ ನಿಲ್ಲುವುದಿಲ್ಲ. ಸೀಸನ್ ಟಿಕೆಟ್ ಮಾಡಿಸುವವರಿಗೆ ತುಮಕೂರು ನಿಲ್ದಾಣಕ್ಕೆ ನಡೆದುಹೋಗುವಷ್ಟು ದೂರದ ಉಪ್ಪಾರಹಳ್ಳಿ, ಗಾಂಧಿನಗರದ ಕಡೆಯ ಮನೆ ಸರಿ. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದಿರುವುದರಿಂದ ಅಲ್ಲಿ ಬಸ್ ಇಳಿದು ಮೆಟ್ರೊ ಹಿಡಿಯಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತವಾದ್ದರಿಂದ, ದುಡಿಯಲು ಬೆಂಗಳೂರಿಗೆ ಹೋಗುವುದು ಹೆಂಡತಿಯೋ ಗಂಡನೋ ಎಂಬುದರ ಮೇಲೆ ತಿಂಗಳ ಖರ್ಚು ಸಾವಿರಗಳಲ್ಲಿ ಬದಲಾಗುತ್ತದೆ. ‘ಮೆಟ್ರೊ ತುಮಕೂರಿಗೇ ಬರುತ್ತೆ ಸರ್’ ಎಂದು ಬಾಡಿಗೆ ಏರಿಸುವ ಓನರ್‌ಗೆ ಬಂದ ಮೇಲೆ ಕೊಡೋಣ ಅನ್ನಿ.

ಹುಡುಕುವ ಹೊತ್ತಿನ ಬಗ್ಗೆ ಒಂದು ಮಾತು. ಮೇ, ಜೂನ್‌ನಲ್ಲಿ ಶಾಲೆ ಕಾಲೇಜು ಶುರುವಾಗುವ ಹೊತ್ತಿಗೆ ಚೌಕಾಸಿ ನಡೆಯುವುದಿಲ್ಲ. ಆಷಾಢದಲ್ಲಿ ಯಾರೂ ಹಾಲು ಉಕ್ಕಿಸುವುದಿಲ್ಲ, ಹಾಗಾಗಿ ಖಾಲಿ ಬಿದ್ದ ಮನೆಯ ಓನರ್ ಕೊಂಚ ಮೆತ್ತಗಿರುತ್ತಾರೆ. ಆಷಾಢದಲ್ಲೇ ಮಾತು ಮುಗಿಸಿ, ಶ್ರಾವಣದ ಮೊದಲ ವಾರ ಮನೆಗೆ ಬರುತ್ತೇವೆಂದು ಹೇಳಿ. ಶಾಸ್ತ್ರವೂ ಉಳಿಯುತ್ತದೆ, ಬಾಡಿಗೆಯೂ ಇಳಿಯುತ್ತದೆ. ಬ್ರೋಕರ್ ಕಮಿಷನ್ ಅರ್ಧ ತಿಂಗಳದ್ದೋ ಒಂದು ತಿಂಗಳದ್ದೋ ಎಂದು ಮನೆ ತೋರಿಸುವ ಮೊದಲೇ ಮಾತಾಡಿ. ಫೋನಿನಲ್ಲಿ ಚಿತ್ರ ಕಳಿಸಿ, ಮನೆ ನೋಡುವ ಮುಂಚೆಯೇ ‘ಟೋಕನ್’ ಹಾಕಿ ಅನ್ನುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಕರಾರು

ಬಾಡಿಗೆ ಕರಾರು 11 ತಿಂಗಳಿಗೆ ಬರೆಯುವುದು ವಾಡಿಕೆ. ವರ್ಷ ದಾಟಿದರೆ ನೋಂದಣಿ ಬೇಕಾಗುತ್ತದೆ ಎಂಬುದೇ ಕಾರಣ. ಅಡ್ವಾನ್ಸ್ ಎಷ್ಟು ತಿಂಗಳದ್ದು ಎಂಬುದು ಚೌಕಾಸಿಗೆ ಬಿಟ್ಟದ್ದು. 2021ರಲ್ಲಿ ಕೇಂದ್ರ ಹೊರತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಬಾರದು ಅನ್ನುತ್ತದೆ, ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ. ಗೇಟಿನ ಮುಂದೆ ಅದನ್ನು ಓದಿ ಹೇಳಿದರೆ ಮನೆ ಸಿಗುವುದಿಲ್ಲ. ಅಡ್ವಾನ್ಸಿನ ಮೊತ್ತಕ್ಕಿಂತ ಅದು ವಾಪಸ್ ಬರುವ ಷರತ್ತಿಗೆ ಜಗಳವಾಡಿ. ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ‘ಒಂದು ತಿಂಗಳ ಬಾಡಿಗೆ’ ಎಂದೋ ಇಂತಿಷ್ಟು ರೂಪಾಯಿ ಎಂದೋ, ಕರಾರಿನಲ್ಲಿ ಬರೆಸಿ. ವರ್ಷಕ್ಕೆ ಶೇ. 5 ಏರಿಕೆಯೋ 10ರದೋ ಬರೆಸಿ. ಮನೆ ಬಿಡುವ ನೋಟಿಸ್ ಎಷ್ಟು ದಿನದ್ದೆಂಬುದೂ ಇರಲಿ. ಬರೆಯದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಹೇಳುವುದು 15 ದಿನ, ಮಕ್ಕಳ ಪರೀಕ್ಷೆ ಹೊತ್ತಿನಲ್ಲಿ ಅಷ್ಟರಲ್ಲಿ ಮನೆ ಸಿಗುವುದಿಲ್ಲ.

ಸಂಬಳದವರು ಇನ್ನೊಂದು ಕೇಳಿಕೊಳ್ಳಬೇಕು. ಹಳೇ ತೆರಿಗೆ ಪದ್ಧತಿಯಲ್ಲಿದ್ದು ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಪಡೆಯುವವರು ವರ್ಷಕ್ಕೆ 1 ಲಕ್ಷ ಮೀರಿ ಬಾಡಿಗೆ ಕೊಟ್ಟರೆ ಓನರ್‌ರ ಪ್ಯಾನ್ ನಂಬರ್ ಕೊಡಬೇಕು. ತಿಂಗಳಿಗೆ 8,333 ದಾಟಿದರೆ ಅಷ್ಟಾಯಿತು. ಪ್ಯಾನ್ ಕೊಡಲು ಒಲ್ಲದ ಓನರ್‌ಗಳಿದ್ದಾರೆ; ಸೇರಿದ ಮೇಲೆ ಕೇಳಿದರೆ ಮುಖ ಕೆಡುತ್ತದೆ.

ಬೀಗದ ಕೈ ತೆಗೆದುಕೊಳ್ಳುವ ದಿನ ಮೀಟರ್ ರೀಡಿಂಗಿನ ಫೋಟೊ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಒಡೆದ ಟೈಲ್ಸ್, ಹತ್ತದ ಸ್ವಿಚ್, ಗೋಡೆಯ ಹಳೇ ಮೊಳೆ ತೂತುಗಳ ಫೋಟೊಗಳನ್ನೂ ಅದೇ ದಿನ ಕಳಿಸಿ. ಹಳೇ ಕರೆಂಟ್ ಬಿಲ್ ಬಾಕಿ, ನೀರಿನ ಬಿಲ್ ಬಾಕಿ ಇಲ್ಲವೆಂದು ರಸೀದಿ ನೋಡಿ. ಗೃಹಜ್ಯೋತಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವಾಗ ಹಿಂದೆ ಇದ್ದವರ ಆಧಾರ್ ಆ ಆರ್.ಆರ್. ನಂಬರಿನಿಂದ ಡಿ-ಲಿಂಕ್ ಆಗಿರಬೇಕು, ಇಲ್ಲದಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಅವರು ಎಲ್ಲಿ ಹೋದರೋ ಎಂದು ಆಮೇಲೆ ಹುಡುಕುವುದು ಬೇಡ. ಸಾಮಾನು ಸಾಗಿಸುವ ಮುಂಚೆಯೇ ಅವರಿಂದ ಮಾಡಿಸಿಕೊಡಲು ಓನರ್‌ಗೆ ಹೇಳಿ.